ಕ್ವೇಸಾರ್‌ನ ಬೆಳಕು ಹುಟ್ಟುವುದೆಲ್ಲಿ? ದಾರಿ ತಪ್ಪಿದ ಕೆಲವು ಕ್ವೇಸಾರ್‌ಗಳು ತೋರಿಸಿಕೊಟ್ಟದ್ದು

ಚಿಲಿ ದೇಶದ ಸೆರೊ ಪಚೋನ್ ಬೆಟ್ಟದ ಮೇಲಿರುವ ವೆರಾ ರೂಬಿನ್ ವೀಕ್ಷಣಾಲಯ ತನ್ನ ಮೊದಲ ಚಿತ್ರಗಳನ್ನು 2025ರ ಜೂನ್ 23ರಂದು ಜಗತ್ತಿನ ಮುಂದಿಟ್ಟಿತು. 8.4 ಮೀಟರ್ ಅಗಲದ ಕನ್ನಡಿ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ. ದಕ್ಷಿಣದ ಆಕಾಶವನ್ನು ಕೆಲವು ರಾತ್ರಿಗಳಿಗೊಮ್ಮೆ ಮತ್ತೆ ಮತ್ತೆ ಚಿತ್ರಿಸುತ್ತ ಹತ್ತು ವರ್ಷ ಕಳೆಯುವುದು ಅದರ ಕೆಲಸ. ಒಂದೇ ಜಾಗವನ್ನು ನೂರಾರು ಸಲ ನೋಡಿದರೆ ಅಲ್ಲಿ ಮಿನುಗಿದ್ದು, ಮಂಕಾದದ್ದು, ಹೊಸದಾಗಿ ಹೊತ್ತಿಕೊಂಡದ್ದು ಎಲ್ಲವೂ ಲೆಕ್ಕಕ್ಕೆ ಸಿಗುತ್ತದೆ. ಹೀಗೆ ಬದಲಾಗುವ ವಸ್ತುಗಳಲ್ಲಿ ಕ್ವೇಸಾರ್‌ಗಳೂ, ಅಂದರೆ ದೂರದ ಗ್ಯಾಲಕ್ಸಿಗಳ ನಟ್ಟನಡುವೆ ಭಾರಿ ಕಪ್ಪುಕುಳಿಗಳ ಬಳಿ ಉರಿಯುವ ಪ್ರಖರ ದೀಪಗಳೂ, ಬಹಳಷ್ಟಿವೆ. ಆದ್ದರಿಂದ 'ಕ್ವೇಸಾರ್ ಆರಿಹೋಯಿತು', 'ಮಲಗಿದ್ದ ಕಪ್ಪುಕುಳಿ ಎದ್ದಿತು' ಎಂಬಂಥ ಸುದ್ದಿಗಳು ಇನ್ನು ಮೇಲಿಂದ ಮೇಲೆ ಬರಲಿವೆ.

ಅವನ್ನು ಓದಿದವರಿಗೆ ಮೊದಲು ಏಳುವ ಸಂಶಯ ನ್ಯಾಯವಾದದ್ದೇ. ಕಪ್ಪುಕುಳಿಯಿಂದ ಬೆಳಕೂ ಹೊರಬರುವುದಿಲ್ಲ ಎನ್ನುತ್ತಾರೆ. ಹಾಗಿದ್ದರೆ ವಿಶ್ವದ ಅತಿ ಪ್ರಖರ ದೀಪಗಳು ಕಪ್ಪುಕುಳಿಗಳ ಹತ್ತಿರವೇ ಉರಿಯುವುದು ಹೇಗೆ? ಎಲ್ಲವೂ ಸರಿಯಾಗಿರುವ ಕ್ವೇಸಾರ್‌ಗಿಂತ, ಏನೋ ಒಂದು ಕಡಿಮೆಯಾದ ಅಥವಾ ಹೆಚ್ಚಾದ ಕ್ವೇಸಾರ್‌ಗಳೇ ಈ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಡುತ್ತವೆ. ಅವುಗಳ ಬಳಿಗೆ ಹೋಗುವ ಮುನ್ನ ಸಾಮಾನ್ಯ ಕ್ವೇಸಾರ್ ಎಂದರೇನು ನೋಡೋಣ.

ನಕ್ಷತ್ರವೆಂದುಕೊಂಡದ್ದು

ಆಕಾಶದ ಯಾವ ಯಾವ ಕಡೆಯಿಂದ ರೇಡಿಯೋ ಅಲೆಗಳು ಬರುತ್ತವೆ ಎಂದು ಕೇಂಬ್ರಿಡ್ಜ್‌ನ ಖಗೋಳವಿಜ್ಞಾನಿಗಳು 1950ರ ದಶಕದಲ್ಲಿ ಪಟ್ಟಿ ಮಾಡಿದ್ದರು. ಆ ಪಟ್ಟಿಗಳಲ್ಲಿ ಮೂರನೆಯದರ 273ನೇ ನಮೂದಿಗೆ 3ಸಿ 273 ಎಂದು ಹೆಸರು. ರೇಡಿಯೋ ದೂರದರ್ಶಕಗಳಿಗೆ ಆಗ ನಿಖರವಾದ ಜಾಗ ಗುರುತಿಸಲು ಬರುತ್ತಿರಲಿಲ್ಲ. 1962ರಲ್ಲಿ ಚಂದ್ರ ಈ ರೇಡಿಯೋ ಮೂಲಕ್ಕೆ ಅಡ್ಡ ಬಂದ. ಸಿರಿಲ್ ಹಜಾರ್ಡ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ರೇಡಿಯೋ ಅಲೆ ಕಡಿದ ಕ್ಷಣವನ್ನೂ ಮತ್ತೆ ಬಂದ ಕ್ಷಣವನ್ನೂ ಗುರುತು ಹಾಕಿಕೊಂಡರು. ಆ ಹೊತ್ತಿಗೆ ಚಂದ್ರನ ಅಂಚು ಎಲ್ಲಿತ್ತು ಎಂಬುದು ಗೊತ್ತಿತ್ತಾದ್ದರಿಂದ ಜಾಗವೂ ಸಿಕ್ಕಿತು. ಅಲ್ಲಿ ಕಂಡದ್ದು ನೀಲಿ ಛಾಯೆಯ ಒಂದು ಮಸುಕು 'ನಕ್ಷತ್ರ', ಪಕ್ಕದಲ್ಲಿ ಒಂದು ತೆಳು ಗೀರು.

ಅಮೆರಿಕದ ಪಲೋಮಾರ್ ಬೆಟ್ಟದ 5 ಮೀಟರ್ ದೂರದರ್ಶಕದಿಂದ ಮಾರ್ಟನ್ ಸ್ಮಿಟ್ ಅದರ ರೋಹಿತ ತೆಗೆದರು. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಹರಡಿದಾಗ ಸಿಗುವ ಪಟ್ಟಿಯೇ ರೋಹಿತ. ಬಿಸಿಯಾದ ಅನಿಲವೊಂದು ತನಗೇ ಮೀಸಲಾದ ಕೆಲವು ಬಣ್ಣಗಳಲ್ಲಿ ಮಾತ್ರ ಹೊಳೆಯುತ್ತದೆ. ಪಟ್ಟಿಯಲ್ಲಿ ಅವು ಪ್ರಕಾಶಮಾನ ರೇಖೆಗಳಾಗಿ ಕಾಣುತ್ತವೆ. ಜಲಜನಕದ ರೇಖೆಗಳು 486, 434, 410 ನ್ಯಾನೋಮೀಟರ್‌ಗಳಲ್ಲಿ ಬರಬೇಕು. ಸ್ಮಿಟ್ ಅವರ ಫಲಕದಲ್ಲಿದ್ದ ರೇಖೆಗಳು 563, 503, 475ರಲ್ಲಿದ್ದವು. ಯಾವ ಧಾತುವಿಗೂ ಹೊಂದುತ್ತಿರಲಿಲ್ಲ. 1963ರ ಫೆಬ್ರವರಿ 5ರಂದು ಅವರು ಕಂಡ ಅಂಕಿಗಳನ್ನು ಜಲಜನಕದ ಅಂಕಿಗಳಿಂದ ಭಾಗಿಸಿ ನೋಡಿದರು. ನೀವೂ ಮಾಡಿ ನೋಡಬಹುದು: 563 ಭಾಗ 486, 503 ಭಾಗ 434, 475 ಭಾಗ 410. ಮೂರಕ್ಕೂ ಉತ್ತರ ಒಂದೇ, ಸುಮಾರು 1.16.

ಅಂದರೆ ಅದು ಜಲಜನಕವೇ. ಎಲ್ಲ ಅಲೆಗಳೂ ಒಂದೇ ಪ್ರಮಾಣದಲ್ಲಿ, ಶೇ 16ರಷ್ಟು ಉದ್ದವಾಗಿದ್ದವು, ಅಷ್ಟೆ. ವಿಶ್ವ ಹಿಗ್ಗುತ್ತಿರುವುದರಿಂದ ದೂರದ ಬೆಳಕು ನಮ್ಮನ್ನು ಮುಟ್ಟುವಷ್ಟರಲ್ಲಿ ಹೀಗೆ ಕೆಂಪಿನ ಕಡೆಗೆ ಜಗ್ಗುತ್ತದೆ. ಇದಕ್ಕೆ ಕೆಂಪು ಪಲ್ಲಟ ಎನ್ನುತ್ತಾರೆ. ಶೇ 16ರ ಪಲ್ಲಟವೆಂದರೆ ದೂರ 240 ಕೋಟಿ ಜ್ಯೋತಿರ್ವರ್ಷದ ಆಸುಪಾಸು. ಅಷ್ಟು ದೂರದಿಂದ ಇಷ್ಟು ಬೆಳಗಬೇಕಾದರೆ ಅದರ ಪ್ರಭೆ ಸುಮಾರು 4 ಲಕ್ಷ ಕೋಟಿ ಸೂರ್ಯರಷ್ಟಿರಬೇಕು. ಅದು ಇರುವ ಇಡೀ ಗ್ಯಾಲಕ್ಸಿಯ ನಕ್ಷತ್ರಗಳೆಲ್ಲ ಸೇರಿದರೂ ಅಷ್ಟಾಗುವುದಿಲ್ಲ.

'ನಕ್ಷತ್ರದಂತೆ ಕಾಣುವ ರೇಡಿಯೋ ಮೂಲ' ಎಂಬ ಉದ್ದ ಹೆಸರನ್ನು 1964ರಲ್ಲಿ ಹಾಂಗ್-ಯೀ ಚಿಯು 'ಕ್ವೇಸಾರ್' ಎಂದು ಚಿಕ್ಕದಾಗಿಸಿದರು. ಹತ್ತರಲ್ಲಿ ಒಂದು ಕ್ವೇಸಾರ್ ಮಾತ್ರ ರೇಡಿಯೋದಲ್ಲಿ ಪ್ರಬಲ ಎಂಬುದು ಆಮೇಲೆ ತಿಳಿಯಿತು. ಹೆಸರು ಹಾಗೆಯೇ ಉಳಿಯಿತು. 3ಸಿ 273 ಕನ್ಯಾ ರಾಶಿಯಲ್ಲಿದೆ. ಮಾರ್ಚ್‌ನಿಂದ ಮೇ ವರೆಗಿನ ರಾತ್ರಿಗಳಲ್ಲಿ ಊರ ದೀಪಗಳಿಂದ ದೂರ ಹೋದರೆ, 20 ಸೆಂಟಿಮೀಟರ್ ಅಗಲದ ಹವ್ಯಾಸಿ ದೂರದರ್ಶಕಕ್ಕೂ ಒಂದು ಚುಕ್ಕೆಯಾಗಿ ಸಿಗುತ್ತದೆ. ಆಸಕ್ತಿ ಇರುವವರು ಖಂಡಿತ ಪ್ರಯತ್ನಿಸಿ.

ಇಷ್ಟೊಂದು ಬೆಳಕು, ಇಷ್ಟೇ ಇಷ್ಟು ಜಾಗದಲ್ಲಿ

ಹಾರ್ವರ್ಡ್ ವೀಕ್ಷಣಾಲಯದಲ್ಲಿ 19ನೇ ಶತಮಾನದ ಕೊನೆಯಿಂದ ಕೂಡಿಟ್ಟ ಆಕಾಶದ ಗಾಜಿನ ಫಲಕಗಳಿದ್ದವು. ಅವನ್ನು ತೆಗೆದು ನೋಡಿದಾಗ 3ಸಿ 273 ಹಿಂದಿನಿಂದಲೂ ಏರಿಳಿಯುತ್ತ ಬಂದದ್ದು ಗೊತ್ತಾಯಿತು, ಅದೂ ತಿಂಗಳುಗಳ ಅಂತರದಲ್ಲಿ. ಈ ಸಣ್ಣ ಸಂಗತಿಯಿಂದ ದೊಡ್ಡ ತೀರ್ಮಾನವೊಂದು ಹೊರಡುತ್ತದೆ.

ತೇರಿನ ಹಗ್ಗ ಹಿಡಿದ ನೂರಾರು ಜನರನ್ನು ನೆನೆಸಿಕೊಳ್ಳಿ. ಮುಂದೆ ನಿಂತವನು ಕೂಗು ಹಾಕಿದಾಗ ಎಲ್ಲರೂ ಎಳೆಯಬೇಕು. ಆದರೆ ಕೂಗು ಹಿಂದಿನವನಿಗೆ ತಲುಪುವವರೆಗೆ ಅವನು ಎಳೆಯಲಾರ. ಹಗ್ಗ ಉದ್ದವಾದಷ್ಟೂ ಎಲ್ಲರೂ ಸೇರಿ ಒಂದು ಎಳೆತವಾಗಲು ಹೊತ್ತು ಹಿಡಿಯುತ್ತದೆ. ಬಾಹ್ಯಾಕಾಶದಲ್ಲಿ ಬೆಳಕಿಗಿಂತ ವೇಗವಾಗಿ ಸಾಗುವ ಕೂಗಿಲ್ಲ. ಒಂದು ವಸ್ತು ಒಟ್ಟಾರೆಯಾಗಿ ಒಂದು ತಿಂಗಳಲ್ಲಿ ಮಂಕಾಯಿತು ಎಂದರೆ, ಅದರ ಅಗಲ ಬೆಳಕು ಒಂದು ತಿಂಗಳಲ್ಲಿ ಸಾಗುವ ದೂರಕ್ಕಿಂತ ಹೆಚ್ಚಿರಲಾರದು. ನಮ್ಮ ಆಕಾಶಗಂಗೆಯ ಅಗಲ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ಅದನ್ನೂ ಮೀರಿಸುವ ಬೆಳಕು ಒಂದು ತಿಂಗಳ ಬೆಳಕಿನ ದಾರಿಯಷ್ಟು ಜಾಗದಿಂದ ಬರುತ್ತಿದೆ.

ನಕ್ಷತ್ರಗಳು ಉರಿಯುವ ವಿಧಾನ ಇಲ್ಲಿ ಸಾಲುವುದಿಲ್ಲ. ಸೂರ್ಯನಲ್ಲಿ ನಡೆಯುವಂತೆ ಜಲಜನಕ ಬೆಸೆದು ಹೀಲಿಯಂ ಆಗುವಾಗ ಅದರ ರಾಶಿಯ, ಅಂದರೆ ಅದರಲ್ಲಿರುವ ಒಟ್ಟು ದ್ರವ್ಯದ, ಶೇ 0.7 ಭಾಗ ಮಾತ್ರ ಶಕ್ತಿಯಾಗುತ್ತದೆ. ಕಪ್ಪುಕುಳಿಯ ಕಡೆಗೆ ಸುತ್ತುತ್ತ ಇಳಿಯುವ ಅನಿಲದಿಂದ ಶೇ 6ರಷ್ಟು ಶಕ್ತಿ ಹೊರಬರಬಹುದು. ಕಪ್ಪುಕುಳಿ ಗರಿಷ್ಠ ವೇಗದಲ್ಲಿ ತಿರುಗುತ್ತಿದ್ದರೆ ಶೇ 42ರವರೆಗೂ. ಎಡ್ವಿನ್ ಸಾಲ್ಪೀಟರ್ ಮತ್ತು ಯಾಕೋವ್ ಜೆಲ್‌ಡೋವಿಚ್ 1964ರಲ್ಲೇ ಈ ದಾರಿ ತೋರಿಸಿದರು. 1969ರಲ್ಲಿ ಡೊನಾಲ್ಡ್ ಲಿಂಡೆನ್-ಬೆಲ್ ಗ್ಯಾಲಕ್ಸಿಗಳ ನಟ್ಟನಡುವೆ ಇಂಥ ಭಾರಿ ಕಪ್ಪುಕುಳಿಗಳಿವೆ ಎಂದು ವಾದಿಸಿದರು. ಕಪ್ಪುಕುಳಿ ಎಂಬುದು ಕಾಗದದ ಮೇಲಿನ ಸಮೀಕರಣವೋ ನಿಜವಾಗಿ ನಿಲ್ಲಬಲ್ಲ ವಸ್ತುವೋ ಎಂಬ ಅನುಮಾನ ಆಗ ಪೂರ್ತಿ ಹೋಗಿರಲಿಲ್ಲ. ಅದನ್ನು ತಟ್ಟಿದರೂ ಕದಡದೆ ಮತ್ತೆ ಶಾಂತವಾಗುತ್ತದೆ ಎಂದು 1970ರಲ್ಲಿ ತೋರಿಸಿದವರಲ್ಲಿ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಮುಖ್ಯರು, ಮುಂದೆ ಅವರೇ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದರು.

ಹೀಗೆ ಬೆಳಕು ಬರುವುದು ಕಪ್ಪುಕುಳಿಯ ಒಳಗಿನಿಂದಲ್ಲ. ಒಳಗೆ ಬೀಳುವ ಮುನ್ನ ಹೊರಗೇ ಕಾದು ಕೆಂಡವಾದ ಅನಿಲದಿಂದ. ಈ ಬೆಳಕಿಗೆ ಒಂದು ಮಿತಿಯೂ ಇದೆ. ಬೆಳಕು ಅನಿಲವನ್ನು ಹೊರಕ್ಕೆ ತಳ್ಳುತ್ತದೆ. ತುಂಬ ಪ್ರಖರವಾದರೆ ತನ್ನ ಊಟವನ್ನೇ ತಾನು ಹೊರಗೆ ದಬ್ಬಿದಂತಾಗುತ್ತದೆ. ಎಡಿಂಗ್ಟನ್ ಮಿತಿ ಎಂಬ ಈ ಲೆಕ್ಕದ ಪ್ರಕಾರ ಒಂದು ಸೂರ್ಯನಷ್ಟು ರಾಶಿಗೆ ಸುಮಾರು 33,000 ಸೂರ್ಯರಷ್ಟು ಬೆಳಕು ಸಾಧ್ಯ. 3ಸಿ 273ರ 4 ಲಕ್ಷ ಕೋಟಿಯನ್ನು ಇದರಿಂದ ಭಾಗಿಸಿದರೆ, ನಡುವಿನ ಕಪ್ಪುಕುಳಿ ಕನಿಷ್ಠ 12 ಕೋಟಿ ಸೂರ್ಯರಷ್ಟು ಭಾರವಿರಬೇಕು ಎಂದು ಬರುತ್ತದೆ.

2024ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಕ್ರಿಸ್ಟಿಯನ್ ವುಲ್ಫ್ ತಂಡ ಪ್ರಕಟಿಸಿದ ಜೆ0529-4351 ಎಂಬ ಕ್ವೇಸಾರ್ ಇದಕ್ಕಿಂತ ನೂರಕ್ಕೂ ಹೆಚ್ಚು ಪಟ್ಟು ಪ್ರಖರ: 500 ಲಕ್ಷ ಕೋಟಿ ಸೂರ್ಯರಷ್ಟು. ಅಷ್ಟು ಬೆಳಗಲು ದಿನಕ್ಕೆ ಹೆಚ್ಚುಕಡಿಮೆ ಒಂದು ಸೂರ್ಯನಷ್ಟು ಅನಿಲ ಬೇಕು. 1980ರ ಆಕಾಶ ಚಿತ್ರಗಳಲ್ಲೇ ಅದು ಇತ್ತು. ಇಷ್ಟು ಉಜ್ವಲವಾದದ್ದು ಹತ್ತಿರದ ನಕ್ಷತ್ರವೇ ಇರಬೇಕೆಂದು ಗಣಕಗಳು ಅದನ್ನು ಬದಿಗಿಟ್ಟಿದ್ದವು.

ಒಂದೇ ಚುಕ್ಕೆಯಲ್ಲಿ ಐದು ಬಗೆಯ ಬೆಳಕು

ದೂರದರ್ಶಕಕ್ಕೆ ಒಂದು ಚುಕ್ಕೆಯಾಗಿ ಕಂಡರೂ ಕ್ವೇಸಾರ್‌ನ ಬೆಳಕು ಒಂದೇ ಬಗೆಯದಲ್ಲ. ಮುಂದೆ ಬರುವ ವಿಚಿತ್ರಗಳೆಲ್ಲ ಇದರ ಮೇಲೆ ನಿಂತಿವೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಅನಿಲ ಕಪ್ಪುಕುಳಿಗೆ ನೆಟ್ಟಗೆ ಬೀಳುವುದಿಲ್ಲ. ಅದಕ್ಕೆ ಮೊದಲಿನಿಂದಲೂ ಒಂದಿಷ್ಟು ಸುತ್ತುವ ಚಲನೆ ಇರುತ್ತದೆ. ಆದ್ದರಿಂದ ತೆಳ್ಳಗಿನ ತಟ್ಟೆಯಾಗಿ ಹರಡಿ ಸುತ್ತತೊಡಗುತ್ತದೆ. ಒಳಗಿನ ಸುತ್ತು ವೇಗ, ಹೊರಗಿನ ಸುತ್ತು ನಿಧಾನ. ಅಕ್ಕಪಕ್ಕದ ಸುತ್ತುಗಳನ್ನು ಕಾಂತಕ್ಷೇತ್ರ ಕಟ್ಟಿಹಾಕಿ ಜಗ್ಗುತ್ತದೆ. ಈ ಜಗ್ಗಾಟದಲ್ಲಿ ಅನಿಲ ಕಾಯುತ್ತದೆ, ಸುತ್ತುವ ಚಲನೆಯನ್ನು ಹೊರಗಿನದಕ್ಕೆ ಒಪ್ಪಿಸಿ ತಾನು ಒಳಕ್ಕೆ ಇಳಿಯುತ್ತದೆ. ಕ್ವೇಸಾರ್‌ನ ತಟ್ಟೆಯ ಒಳಭಾಗದ ತಾಪ ಲಕ್ಷ ಡಿಗ್ರಿಯ ಸುಮಾರಿಗೆ ಇರುತ್ತದೆ. ಅಂಥ ಬಿಸಿಯಲ್ಲಿ ಹೆಚ್ಚಿನ ಬೆಳಕು ಅತಿನೇರಳೆಯಲ್ಲಿ ಬರುತ್ತದೆ. ಕಪ್ಪುಕುಳಿ ದೊಡ್ಡದಾದಷ್ಟೂ ತಟ್ಟೆ ತಂಪು ಎಂಬುದು ಇಲ್ಲಿನ ಅಚ್ಚರಿ. ಒಂದು ಸತ್ತ ನಕ್ಷತ್ರದಷ್ಟೇ ಇರುವ ಪುಟ್ಟ ಕಪ್ಪುಕುಳಿಯ ತಟ್ಟೆ ಕೋಟಿ ಡಿಗ್ರಿಗೆ ಏರಿ ಎಕ್ಸ್ ಕಿರಣ ಸೂಸುತ್ತದೆ. ದೊಡ್ಡದರಲ್ಲಿ ಅದೇ ಕೆಲಸ ವಿಶಾಲ ಜಾಗದಲ್ಲಿ ಹಂಚಿಹೋಗುತ್ತದೆ.

ಆದರೂ ಕ್ವೇಸಾರ್‌ಗಳಿಂದ ಎಕ್ಸ್ ಕಿರಣ ಬರುತ್ತದೆ. ಲಕ್ಷ ಡಿಗ್ರಿಯ ತಟ್ಟೆ ಅದನ್ನು ಕೊಡಲಾರದು. ತಟ್ಟೆಯ ನಡುಭಾಗದ ಮೇಲೆ ನೂರು ಕೋಟಿ ಡಿಗ್ರಿಯ ಬಿಸಿ ಎಲೆಕ್ಟ್ರಾನ್‌ಗಳ ಒಂದು ತೆಳು ಮೋಡವಿರುತ್ತದೆ; ಅದಕ್ಕೆ ಕರೋನಾ ಎಂದು ಹೆಸರು. ತಟ್ಟೆಯಿಂದ ಹೊರಟ ಅತಿನೇರಳೆ ಬೆಳಕಿನ ಕಣ ಆ ಎಲೆಕ್ಟ್ರಾನ್‌ಗೆ ಡಿಕ್ಕಿ ಹೊಡೆದು, ಅದರ ಶಕ್ತಿಯನ್ನು ಪಡೆದುಕೊಂಡು ಎಕ್ಸ್ ಕಿರಣವಾಗಿ ಹೊರಬರುತ್ತದೆ.

ಇನ್ನೂ ಆಚೆಗೆ ಅನಿಲದ ಮೋಡಗಳು ಕಪ್ಪುಕುಳಿಯನ್ನು ಸುತ್ತುತ್ತಿರುತ್ತವೆ. ತಟ್ಟೆಯ ಅತಿನೇರಳೆ ಬಿದ್ದು ಅವು ಹೊಳೆಯುತ್ತವೆ. ಸ್ಮಿಟ್ ಕಂಡ ಜಲಜನಕದ ರೇಖೆಗಳು ಇವುಗಳವೇ. ಮೋಡಗಳ ವೇಗ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್. ಕೆಲವು ನಮ್ಮತ್ತ ಬರುತ್ತಿರುತ್ತವೆ, ಕೆಲವು ದೂರ ಹೋಗುತ್ತಿರುತ್ತವೆ. ಹಾಗಾಗಿ ಒಂದೇ ತರಂಗಾಂತರದಲ್ಲಿ ಚೂಪಾಗಿ ನಿಲ್ಲಬೇಕಾದ ರೇಖೆ ಎರಡೂ ಕಡೆಗೆ ಹರಡಿ ಅಗಲವಾಗುತ್ತದೆ. ಸೆಕೆಂಡಿಗೆ 3,000 ಕಿಲೋಮೀಟರ್ ಎಂದರೆ ಬೆಳಕಿನ ವೇಗದ ನೂರನೇ ಒಂದು ಭಾಗ. 486 ನ್ಯಾನೋಮೀಟರ್‌ನ ರೇಖೆ ಆಚೀಚೆ ಸುಮಾರು 5 ನ್ಯಾನೋಮೀಟರ್ ಹರಡುತ್ತದೆ. ಈ 'ಅಗಲ ರೇಖೆ' ಕಂಡರೆ ಕ್ವೇಸಾರ್ ಉರಿಯುತ್ತಿದೆ ಎಂದೇ ಅರ್ಥ. 2018ರಲ್ಲಿ ಚಿಲಿಯ ಪರಾನಲ್‌ನಲ್ಲಿ ನಾಲ್ಕು ದೊಡ್ಡ ದೂರದರ್ಶಕಗಳ ಬೆಳಕನ್ನು ಒಂದುಗೂಡಿಸುವ ಗ್ರ್ಯಾವಿಟಿ ಎಂಬ ಉಪಕರಣ 3ಸಿ 273ರ ಈ ಮೋಡಗಳು ಸುತ್ತುತ್ತಿರುವುದನ್ನು ನೇರವಾಗಿ ಅಳೆಯಿತು. ಕಪ್ಪುಕುಳಿಯಿಂದ ಅವುಗಳ ದೂರ ಬೆಳಕಿಗೆ ಸುಮಾರು ಐದು ತಿಂಗಳ ದಾರಿ. ಕಪ್ಪುಕುಳಿಯ ರಾಶಿ ಸುಮಾರು 30 ಕೋಟಿ ಸೂರ್ಯರಷ್ಟು. ಕಪ್ಪುಕುಳಿಯ ಅಂಚು ಮಾತ್ರ ಗುರುಗ್ರಹದ ಕಕ್ಷೆಗಿಂತ ತುಸು ದೊಡ್ಡದು, ಅಷ್ಟೆ.

ಮೋಡಗಳ ಆಚೆಗೆ ಧೂಳು. ಸುಮಾರು 1,500 ಡಿಗ್ರಿಗಿಂತ ಬಿಸಿಯಾದರೆ ಧೂಳು ಆವಿಯಾಗುತ್ತದೆ. ಆದ್ದರಿಂದ ಅದು ಸುರಕ್ಷಿತ ದೂರದಲ್ಲಿ ಬಳೆಯಂತೆ ನಿಂತು, ನಡುವಿನ ಬೆಳಕನ್ನು ಹೀರಿ ಅವಕೆಂಪಿನಲ್ಲಿ ಮರಳಿ ಬಿಡುತ್ತದೆ. ನಾವು ಈ ಬಳೆಯನ್ನು ಅಂಚಿನಿಂದ ನೋಡುವಂತಿದ್ದರೆ ತಟ್ಟೆಯೂ ಮೋಡಗಳೂ ಮರೆಯಾಗುತ್ತವೆ.

ಐದನೆಯದು ಜೆಟ್, ಅಂದರೆ ಧ್ರುವಗಳಿಂದ ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಚಿಮ್ಮುವ ಧಾರೆ. 3ಸಿ 273ರ ಪಕ್ಕದಲ್ಲಿ ಕಂಡ ಗೀರು ಇದೇ. ಇಲ್ಲಿ ಬೆಳಕು ಬಿಸಿಯಿಂದ ಬರುವುದಿಲ್ಲ. ವೇಗದ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದ ಗೆರೆಗಳ ಸುತ್ತ ತಿರುಚಿಕೊಂಡು ಸಾಗುವಾಗ ಸೂಸುವ ಸಿಂಕ್ರೊಟ್ರಾನ್ ಬೆಳಕು ಅದು. ಇದರ ಅಲೆಗಳು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ. ಈ ಗುಣಕ್ಕೆ ಧ್ರುವೀಕರಣ ಎನ್ನುತ್ತಾರೆ. ಬಿಸಿ ಅನಿಲದ ಬೆಳಕಿನಲ್ಲಿ ಇಂಥ ಶಿಸ್ತು ಇರುವುದಿಲ್ಲ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ರೇಖೆಗಳೇ ಕಾಣದವು

1929ರಲ್ಲಿ ಜರ್ಮನಿಯ ಕುನೋ ಹಾಫ್‌ಮೈಸ್ಟರ್ ಲಾಸರ್ಟಾ ನಕ್ಷತ್ರಪುಂಜದಲ್ಲಿ ಮಿನುಗುವ 'ನಕ್ಷತ್ರ'ವೊಂದನ್ನು ದಾಖಲಿಸಿದರು. ಬಿಎಲ್ ಲಾಸರ್ಟೆ ಎಂದು ಹೆಸರಾಯಿತು. ಅದು ಒಂದು ರೇಡಿಯೋ ಮೂಲವೂ ಹೌದು ಎಂದು 1968ರಲ್ಲಿ ಹೊಳೆಯಿತು. ರೋಹಿತ ತೆಗೆದರೆ ರೇಖೆಗಳಿಲ್ಲದ ಬೋಳು ಪಟ್ಟಿ. ರೇಖೆ ಇಲ್ಲದಿದ್ದರೆ ಪಲ್ಲಟ ಅಳೆಯುವಂತಿಲ್ಲ, ಪಲ್ಲಟವಿಲ್ಲದಿದ್ದರೆ ದೂರ ತಿಳಿಯುವಂತಿಲ್ಲ. 1970ರ ದಶಕದಲ್ಲಿ ಅದರ ಸುತ್ತಲಿನ ಮಸುಕು ಗ್ಯಾಲಕ್ಸಿಯ ರೋಹಿತ ಸಿಕ್ಕಮೇಲೆ ಅದು ನಮ್ಮ ಆಕಾಶಗಂಗೆಯ ನಕ್ಷತ್ರವೇ ಅಲ್ಲವೆಂದು ಖಚಿತವಾಯಿತು.

ಇಲ್ಲಿ ಜೆಟ್ ನೇರವಾಗಿ ನಮ್ಮ ಕಡೆಗೆ ತಿರುಗಿದೆ. ಬೆಳಕಿನ ವೇಗದ ಸಮೀಪ ಓಡುವ ವಸ್ತುವಿನ ಬೆಳಕು ಮುಂದಿನ ದಿಕ್ಕಿಗೆ ಒಟ್ಟಾಗಿ ಬಾಗುತ್ತದೆ. ವೇಗ ಬೆಳಕಿನದರ ಶೇ 99.5ರಷ್ಟಿದ್ದರೆ, ಎದುರಿಗೆ ನಿಂತವರಿಗೆ ಅದು ಸಾವಿರಾರು ಪಟ್ಟು ಪ್ರಖರವಾಗಿ ಕಾಣಬಹುದು. ಆ ಹೊಳಪಿನಲ್ಲಿ ಉಳಿದ ನಾಲ್ಕೂ ಬೆಳಕು ಮುಳುಗಿಹೋಗುತ್ತವೆ. ಹೀಗೆ ನಮ್ಮತ್ತ ಜೆಟ್ ತಿರುಗಿಸಿದವನ್ನು ಬ್ಲೇಜಾರ್ ಎಂಬ ಗುಂಪಿಗೆ ಸೇರಿಸುತ್ತಾರೆ. ಇವು ಗಂಟೆಗಳಲ್ಲೇ ಏರಿಳಿಯುವುದೂ ಉಂಟು.

ಆದರೆ ಜೆಟ್‌ನ ಹೊಳಪು ಮುಚ್ಚದೆಯೂ ರೇಖೆ ಬಹಳ ಕ್ಷೀಣವಾಗಿರುವ ಕ್ವೇಸಾರ್‌ಗಳಿವೆ, ಮತ್ತು ನನಗೆ ಇವೇ ಹೆಚ್ಚು ಕುತೂಹಲದವು. 1995ರಲ್ಲಿ ವಿವರವಾಗಿ ಪರಿಶೀಲಿಸಲಾದ ಪಿಜಿ 1407+265 ಅಂಥದ್ದು. ತಟ್ಟೆಯ ನೀಲಿ ಬೆಳಕು ಧಾರಾಳವಾಗಿದೆ, ಮೋಡಗಳ ರೇಖೆ ಮಾತ್ರ ತೀರ ದುರ್ಬಲ. ಇಂಥವನ್ನು ಕ್ಷೀಣರೇಖೆಯ ಕ್ವೇಸಾರ್ ಎಂದು ಕರೆಯುತ್ತಾರೆ. ಇವುಗಳಲ್ಲಿ ಹಲವು ಎಕ್ಸ್ ಕಿರಣದಲ್ಲೂ ಮಂಕು. ಇದಕ್ಕೆ ಹೆಚ್ಚು ಒಪ್ಪಿತವಾಗಿರುವ ವಿವರಣೆ ಹೀಗಿದೆ: ಎಡಿಂಗ್ಟನ್ ಮಿತಿಯ ಹತ್ತಿರ ಅಥವಾ ಅದನ್ನೂ ಮೀರಿ ಅನಿಲ ಬೀಳತೊಡಗಿದರೆ ತಟ್ಟೆಯ ಒಳಭಾಗ ಬೆಳಕಿನ ಒತ್ತಡಕ್ಕೆ ದಪ್ಪವಾಗಿ ಉಬ್ಬುತ್ತದೆ. ಉಬ್ಬಿದ ಭಾಗ ತಡೆಗೋಡೆಯಾಗಿ ನಿಂತು, ಕರೋನಾದ ಎಕ್ಸ್ ಕಿರಣವೂ ಒಳಗಿನ ಅತಿನೇರಳೆಯೂ ಮೋಡಗಳಿಗೆ ತಲುಪದಂತೆ ಮಾಡುತ್ತದೆ. ಮೋಡಗಳು ಅಲ್ಲೇ ಇವೆ, ಅವುಗಳಿಗೆ ಬೆಳಕಿನ ಊಟವಿಲ್ಲ. ಮೇಲಿನಿಂದ ನೋಡುವಂತಿದ್ದರೆ ನಮಗೆ ಎಕ್ಸ್ ಕಿರಣ ಕಾಣುತ್ತದೆ. ಪಕ್ಕದಿಂದ ನೋಡುವಂತಿದ್ದರೆ ಅದೂ ಇಲ್ಲ. ಒಂದೇ ಬಗೆಯ ಕ್ಷೀಣರೇಖೆಯ ಕ್ವೇಸಾರ್‌ಗಳಲ್ಲಿ ಕೆಲವು ಎಕ್ಸ್ ಕಿರಣದಲ್ಲಿ ಮಂಕಾಗಿ, ಕೆಲವು ಸಹಜವಾಗಿ ಇರುವುದು ಇದಕ್ಕೆ ಹೊಂದಿಕೊಳ್ಳುತ್ತದೆ.

ಹತ್ತೇ ವರ್ಷದಲ್ಲಿ ಮುಖ ಬದಲಿಸಿದ ಕ್ವೇಸಾರ್

ಸ್ಲೋನ್ ಆಕಾಶ ಸಮೀಕ್ಷೆ 2000ನೇ ಇಸವಿಯಲ್ಲಿ ಜೆ0159+0033 ಎಂಬ ಕ್ವೇಸಾರ್‌ನ ರೋಹಿತ ತೆಗೆದಿತ್ತು: ನೀಲಿ ಬೆಳಕು, ಅಗಲ ರೇಖೆ, ಎಲ್ಲವೂ ಪಾಠಪುಸ್ತಕದಂತೆ. 2010ರಲ್ಲಿ ಮತ್ತೆ ತೆಗೆದಾಗ ಬೆಳಕು ಆರನೇ ಒಂದು ಭಾಗಕ್ಕೆ ಇಳಿದಿತ್ತು. ಜಲಜನಕದ ಅಗಲ ರೇಖೆಗಳಲ್ಲಿ ಒಂದು ಹೋಗಿತ್ತು, ಇನ್ನೊಂದು ಬಡವಾಗಿತ್ತು. ಉಳಿದದ್ದು ಒಂದು ಸಾಮಾನ್ಯ ಗ್ಯಾಲಕ್ಸಿಯಂಥ ರೋಹಿತ. ಸ್ಟೆಫನಿ ಲಮಾಸ್ಸಾ ಮತ್ತು ಸಂಗಡಿಗರು 2015ರಲ್ಲಿ ಇದನ್ನು ಪ್ರಕಟಿಸಿದರು. ಹತ್ತಿರದ ಸಣ್ಣ ಗ್ಯಾಲಕ್ಸಿಗಳಲ್ಲಿ ಇಂಥದ್ದು ಮೊದಲೇ ಕಂಡಿತ್ತು. ಪೂರ್ಣಪ್ರಮಾಣದ ಕ್ವೇಸಾರ್‌ನಲ್ಲಿ ಕಂಡದ್ದು ಇದೇ ಮೊದಲು. 'ಮುಖ ಬದಲಿಸುವ ಕ್ವೇಸಾರ್' ಎಂಬ ಹೊಸ ಗುಂಪು ಹುಟ್ಟಿತು. ಆಮೇಲೆ ಹುಡುಕಿದಂತೆಲ್ಲ ಆರಿದವೂ ಹೊತ್ತಿಕೊಂಡವೂ ಸಿಗುತ್ತ ಹೋದವು.

ಇದು ಖಗೋಳವಿಜ್ಞಾನಿಗಳನ್ನು ಕಂಗೆಡಿಸಿದ್ದಕ್ಕೆ ಕಾರಣ ಕಾಲದ ಲೆಕ್ಕ. ತೆಳು ತಟ್ಟೆಯ ಸಿದ್ಧಾಂತವನ್ನು 1973ರಲ್ಲಿ ನಿಕೊಲಾಯ್ ಶಕುರಾ ಮತ್ತು ರಶೀದ್ ಸುನ್ಯಾಯೆವ್ ಕಟ್ಟಿದ್ದರು. ಅದರಂತೆ ನಾವು ನೋಡುವ ನೀಲಿ ಬೆಳಕಿನ ಜಾಗದಿಂದ ಅನಿಲ ಒಳಗಿಳಿದು ಬರಿದಾಗಲು ಸಾವಿರಾರು ವರ್ಷ ಬೇಕು. ಆದರೆ ಕಣ್ಣೆದುರು ನಡೆದದ್ದು ಹತ್ತು ವರ್ಷದೊಳಗೆ.

ಮೊದಲು ಹೊಳೆಯುವ ಉತ್ತರ, ಧೂಳಿನ ಮೋಡವೊಂದು ಅಡ್ಡ ಬಂದಿರಬಹುದು ಎಂಬುದು. ಅದನ್ನು ಮೂರು ಕಡೆಯಿಂದ ಪರೀಕ್ಷಿಸಿದ್ದಾರೆ. ಅಗಲ ರೇಖೆಯ ಮೋಡಗಳೆಲ್ಲವನ್ನೂ ಮುಚ್ಚುವಷ್ಟು ದೊಡ್ಡ ಮರೆ ಅಷ್ಟು ದೂರದಲ್ಲಿ ಸುತ್ತುತ್ತ ಅಡ್ಡ ಬರಲು ಹತ್ತು ವರ್ಷ ಸಾಲದು. ಎರಡನೆಯದಾಗಿ, ಮರೆಯಾಗಿದ್ದರೆ ಧೂಳಿನ ಬಳೆಗೆ ಒಳಗಿನ ಬೆಳಕು ಎಂದಿನಂತೆ ತಲುಪುತ್ತಿರಬೇಕು, ಅವಕೆಂಪು ಕಡಿಮೆಯಾಗಬಾರದು. ಹಲವು ಮುಖ ಬದಲಿಸಿದ ಕ್ವೇಸಾರ್‌ಗಳಲ್ಲಿ ಅವಕೆಂಪೂ ಹಿಂದೆಯೇ ಏರಿಳಿದಿದೆ. ಮೂರನೆಯದಾಗಿ, ಮರೆಯ ಆಚೆಯಿಂದ ಚದುರಿ ಬರುವ ಬೆಳಕು ಧ್ರುವೀಕರಣ ತೋರಿಸಬೇಕು. ಅಳೆದಾಗ ಅದು ಬಹಳ ಕಡಿಮೆ ಇತ್ತು. ಆದ್ದರಿಂದ ಹೆಚ್ಚಿನವುಗಳಲ್ಲಿ ದೀಪವೇ ನಿಜವಾಗಿ ಕುಂದಿದೆ.

ಹಾಗಿದ್ದರೆ ಇಷ್ಟು ಬೇಗ ಹೇಗೆ? ತಟ್ಟೆಯಲ್ಲಿ ಅನಿಲ ಖಾಲಿಯಾಗಬೇಕಾಗಿಯೇ ಇಲ್ಲ, ಬಿಸಿಯಾಗುವ ಅಥವಾ ತಂಪಾಗುವ ಅಲೆಯೊಂದು ಅದರ ಮೇಲೆ ಹಾದುಹೋದರೆ ಸಾಕು ಎಂಬ ವಾದವಿದೆ. ತಟ್ಟೆ ನಾವಂದುಕೊಂಡದ್ದಕ್ಕಿಂತ ದಪ್ಪವಿದ್ದು, ಕಾಂತಕ್ಷೇತ್ರದ ಒತ್ತಡದ ಮೇಲೆ ನಿಂತಿದ್ದರೆ ಅನಿಲ ಬೇಗ ಇಳಿಯುತ್ತದೆ ಎಂಬುದು ಇನ್ನೊಂದು. ಜೆ0159ರ ವಿಷಯದಲ್ಲಿ, 2000ದ ಹೊತ್ತಿನ ಉಜ್ವಲ ಸ್ಥಿತಿಯೇ ತಾತ್ಕಾಲಿಕ, ಆಗ ಒಂದು ನಕ್ಷತ್ರ ಕಪ್ಪುಕುಳಿಗೆ ಸಿಕ್ಕಿ ಹರಿದುಹೋಗಿತ್ತು ಎಂದವರೂ ಇದ್ದಾರೆ. ಒಂದೇ ಕಾರಣ ಎಲ್ಲಕ್ಕೂ ಹೊಂದುವಂತೆ ಕಾಣುವುದಿಲ್ಲ.

ಕ್ವೇಸಾರ್‌ನಷ್ಟು ದೊಡ್ಡದಲ್ಲದಿದ್ದರೂ ಅದೇ ಯಂತ್ರವಿರುವ ಹತ್ತಿರದ ಗ್ಯಾಲಕ್ಸಿಯೊಂದು ಈ ವಿಷಯದಲ್ಲಿ ಬಹಳ ಕಲಿಸಿದೆ. 23.6 ಕೋಟಿ ಜ್ಯೋತಿರ್ವರ್ಷ ದೂರದ 1ಇಎಸ್ 1927+654 ಅಗಲ ರೇಖೆಗಳಿಲ್ಲದ ಗ್ಯಾಲಕ್ಸಿಯಾಗಿತ್ತು. 2017ರ ಕೊನೆಗೆ ಅದರ ನೀಲಿ ಬೆಳಕು ಥಟ್ಟನೆ ಏರಿತು. ಒಂದರಿಂದ ಮೂರು ತಿಂಗಳ ಬಳಿಕ ಅಗಲ ರೇಖೆಗಳು ಮೂಡಿದವು. ನಡುವಿನ ಆ ಅಂತರ, ತಟ್ಟೆಯಿಂದ ಹೊರಟ ಬೆಳಕು ಮೋಡಗಳನ್ನು ಮುಟ್ಟಲು ತೆಗೆದುಕೊಂಡ ಸಮಯ. ಮೇಲೆ ಹೇಳಿದ ಪದರಗಳ ಚಿತ್ರ ಇಲ್ಲಿ ಒಂದಾದ ಮೇಲೊಂದು ದೀಪ ಹೊತ್ತಿದಂತೆ ಕಣ್ಣಿಗೆ ಬಿತ್ತು. 2018ರಲ್ಲಿ ಇನ್ನೊಂದು ಘಟನೆ: ಎಕ್ಸ್ ಕಿರಣ ಒಂದು ವರ್ಷದೊಳಗೆ ಸುಮಾರು 10,000 ಪಟ್ಟು ಕುಸಿಯಿತು, ತಟ್ಟೆ ಉರಿಯುತ್ತಲೇ ಇತ್ತು. ಅಂದರೆ ಕರೋನಾ ಮಾತ್ರ ಮಾಯ. ಕೆಲವು ತಿಂಗಳಲ್ಲಿ ಅದು ಮತ್ತೆ ಕಟ್ಟಿಕೊಂಡು ಮೊದಲಿಗಿಂತಲೂ ಪ್ರಖರವಾಯಿತು. ಕರೋನಾವನ್ನು ಹಿಡಿದಿಡುವುದು ಕಾಂತಕ್ಷೇತ್ರ. ಯಾವುದೋ ನಕ್ಷತ್ರ ಹರಿದು ಬಿದ್ದು ಆ ಕ್ಷೇತ್ರವನ್ನು ಕಲಕಿರಬೇಕು ಎಂಬುದು ಅಧ್ಯಯನ ಮಾಡಿದವರ ಊಹೆ. ಕರೋನಾ ತಟ್ಟೆಯ ಭಾಗವಲ್ಲ, ಬೇರೆಯೇ ಒಂದು ಅಂಗ ಎನ್ನಲು ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ.

ಗಾಳಿ ಬೀಸುವವು, ಕೆಂಪಗಿರುವವು

ಎಲ್ಲ ಕ್ವೇಸಾರ್‌ಗಳಲ್ಲಿ ಸುಮಾರು ಶೇ 10ರಿಂದ 20ರಷ್ಟರ ರೋಹಿತದಲ್ಲಿ ಪ್ರಕಾಶದ ರೇಖೆಗಳ ಪಕ್ಕದಲ್ಲೇ ಅಗಲವಾದ ಕಪ್ಪು ತಗ್ಗುಗಳಿರುತ್ತವೆ. ನಮ್ಮ ಕಡೆಗೆ ಬೀಸುತ್ತಿರುವ ಅನಿಲ ಬೆಳಕನ್ನು ಹೀರಿಕೊಂಡ ಗುರುತು ಅದು. ತಗ್ಗು ನೀಲಿಯ ಕಡೆಗೆ ಎಷ್ಟು ಸರಿದಿದೆ ಎಂಬುದರಿಂದ ಗಾಳಿಯ ವೇಗ ಸಿಗುತ್ತದೆ: ಸೆಕೆಂಡಿಗೆ ಹತ್ತು, ಇಪ್ಪತ್ತು ಸಾವಿರ ಕಿಲೋಮೀಟರ್. 1967ರಲ್ಲಿ ರೋಜರ್ ಲಿಂಡ್ಸ್ ಪಿಎಚ್‌ಎಲ್ 5200 ಎಂಬುದರಲ್ಲಿ ಇದನ್ನು ಮೊದಲು ವಿವರಿಸಿದರು. ಈ ಗಾಳಿ ಗ್ಯಾಲಕ್ಸಿಯ ಅನಿಲವನ್ನು ಗುಡಿಸಿಹಾಕಿ ಹೊಸ ನಕ್ಷತ್ರಗಳು ಹುಟ್ಟದಂತೆ ಮಾಡಬಲ್ಲದು. ಆದ್ದರಿಂದ ಇದರ ಪರಿಣಾಮ ಕ್ವೇಸಾರ್‌ನಾಚೆಗೂ ಚಾಚುತ್ತದೆ.

2022ರಿಂದ ಜೇಮ್ಸ್ ವೆಬ್ ದೂರದರ್ಶಕ ಬಹಳ ಹಿಂದಿನ ವಿಶ್ವದಲ್ಲಿ 'ಪುಟ್ಟ ಕೆಂಪು ಚುಕ್ಕೆ'ಗಳನ್ನು ನೂರಾರು ಕಂಡಿದೆ. ಹಲವುಗಳಲ್ಲಿ ಅಗಲ ರೇಖೆ ಇದೆ, ಆದರೆ ಎಕ್ಸ್ ಕಿರಣ ಬಹುಪಾಲು ಇಲ್ಲ, ಏರಿಳಿತವೂ ಕಡಿಮೆ. ಕಪ್ಪುಕುಳಿಯನ್ನು ದಟ್ಟ ಅನಿಲದ ಹೊದಿಕೆಯೊಂದು ಪೂರ್ತಿ ಮುಚ್ಚಿದ್ದು, ಒಳಗಿನ ಬೆಳಕು ಅದನ್ನು ದಾಟುವಾಗ ಕೆಂಪಾಗುತ್ತದೆ ಎಂಬ ವಿವರಣೆಗೆ ಈಚೆಗೆ ಬಲ ಬರುತ್ತಿದೆ. ಚರ್ಚೆ ಇನ್ನೂ ಬಿಸಿಯಾಗಿದೆ.

ಒಜೆ 287: ಎರಡು ಕಪ್ಪುಕುಳಿಗಳ ಲೆಕ್ಕ

ಕರ್ಕಾಟಕ ರಾಶಿಯಲ್ಲಿ, ಸುಮಾರು 350 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಒಜೆ 287 ಎಂಬ ಬ್ಲೇಜಾರ್ ಇದೆ. 19ನೇ ಶತಮಾನದ ಕೊನೆಯಿಂದಲೂ ಅದರ ಬೆಳಕು ಫಲಕಗಳಲ್ಲಿ ದಾಖಲಾಗಿದೆ. ಸುಮಾರು ಹನ್ನೆರಡು ವರ್ಷಕ್ಕೊಮ್ಮೆ, ಅದೂ ಜೋಡಿಯಾಗಿ, ದೊಡ್ಡ ಭುಗಿಲುಗಳು. ಒಂದು ಭಾರಿ ಕಪ್ಪುಕುಳಿಯ ತಟ್ಟೆಯನ್ನು ಅದನ್ನು ಸುತ್ತುವ ಚಿಕ್ಕ ಕಪ್ಪುಕುಳಿ ಪ್ರತಿ ಸುತ್ತಿನಲ್ಲೂ ಎರಡು ಸಲ ತೂರಿಹೋಗುತ್ತದೆ ಎಂಬುದು ಇದಕ್ಕೆ ಕೊಟ್ಟ ವಿವರಣೆ. ತೂರಿದಾಗ ಬಿಸಿ ಅನಿಲದ ಗುಳ್ಳೆ ತಟ್ಟೆಯಿಂದ ಹೊರಚಿಮ್ಮಿ, ಹಿಗ್ಗಿ, ಪಾರದರ್ಶಕವಾದ ಕೂಡಲೇ ಭುಗ್ಗೆನ್ನುತ್ತದೆ.

ಈ ಮಾದರಿಯಲ್ಲಿ ದೊಡ್ಡದರ ರಾಶಿ 1,800 ಕೋಟಿ ಸೂರ್ಯರಷ್ಟು, ಚಿಕ್ಕದ್ದು 15 ಕೋಟಿ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಲಂಕೇಶ್ವರ ಡೇ, ಎ. ಗೋಪಕುಮಾರ್ ಮತ್ತು ಫಿನ್‌ಲೆಂಡಿನ ಸಂಗಡಿಗರು ಐನ್‌ಸ್ಟೈನರ ಗುರುತ್ವ ಸಿದ್ಧಾಂತದಿಂದ ಕಕ್ಷೆಯನ್ನು ಲೆಕ್ಕ ಹಾಕಿ, 2019ರ ಜುಲೈ 31ರಂದು ಭುಗಿಲೇಳುತ್ತದೆ ಎಂದು ಮುಂಚೆಯೇ ಹೇಳಿದ್ದರು. ಆಗ ಒಜೆ 287 ಭೂಮಿಯಿಂದ ನೋಡಿದರೆ ಸೂರ್ಯನ ದಿಕ್ಕಿನಲ್ಲಿತ್ತು. ಭೂಮಿಯಿಂದ ದೂರದಲ್ಲಿದ್ದ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕಕ್ಕೆ ಮಾತ್ರ ಅದು ಕಾಣುತ್ತಿತ್ತು. ಭುಗಿಲು ಹೇಳಿದ ಹೊತ್ತಿಗೆ ನಾಲ್ಕು ಗಂಟೆಯ ಆಚೀಚೆ ಬಂತು.

ಆದರೆ ಅದೇ ಮಾದರಿಯಿಂದ ನಿರೀಕ್ಷಿಸಿದ್ದ 2022ರ ಅಕ್ಟೋಬರ್‌ನ ಭುಗಿಲು ಬರಲಿಲ್ಲ ಎಂದು ಸ್ಟೆಫನಿ ಕೊಮೊಸ್ಸಾ ತಂಡ 2023ರಲ್ಲಿ ಪ್ರಕಟಿಸಿತು. ದೊಡ್ಡ ಕಪ್ಪುಕುಳಿಯ ರಾಶಿ 10 ಕೋಟಿ ಸೂರ್ಯರಷ್ಟಿದ್ದರೆ ಸಾಕು, ಬಹುಪಾಲು ಏರಿಳಿತ ಜೆಟ್‌ನದೇ ಎಂಬುದು ಅವರ ಅಭಿಪ್ರಾಯ. ಎರಡು ಲೆಕ್ಕಗಳ ನಡುವೆ ನೂರಕ್ಕೂ ಹೆಚ್ಚು ಪಟ್ಟು ವ್ಯತ್ಯಾಸ. ಒಂದು ಗುಂಪು ಕಕ್ಷೆಯ ಲೆಕ್ಕವನ್ನು ತಿದ್ದುತ್ತಿದೆ, ಇನ್ನೊಂದು ಆ ಲೆಕ್ಕವೇ ಬೇಡ ಎನ್ನುತ್ತಿದೆ. ನನ್ನ ಮಟ್ಟಿಗೆ ಒಂದು ಸರಿಯಾದ ಊಹೆಯೂ ಒಂದು ತಪ್ಪಿದ ಊಹೆಯೂ ಸೇರಿದರೆ ಪ್ರಶ್ನೆ ತೆರೆದೇ ಇದೆ.

ಇದನ್ನು ಬಿಡಿಸಲು ಧ್ರುವೀಕರಣ ನೆರವಿಗೆ ಬರುತ್ತದೆ. ತಟ್ಟೆಯಿಂದ ಚಿಮ್ಮಿದ ಬಿಸಿ ಗುಳ್ಳೆಯ ಬೆಳಕಾದರೆ ಧ್ರುವೀಕರಣ ಕಡಿಮೆ, ಜೆಟ್‌ನದಾದರೆ ಹೆಚ್ಚು. 2015ರ ಡಿಸೆಂಬರ್‌ನ ಭುಗಿಲಿನಲ್ಲಿ ಅದು ಕಡಿಮೆ ಇತ್ತು ಎಂದು ಎರಡು ಕಪ್ಪುಕುಳಿಗಳ ಪರ ಇರುವವರು ತೋರಿಸುತ್ತಾರೆ. ಇಂಥ ಅಳತೆಗೆ ಭೂಗೋಳದ ಬೇರೆ ಬೇರೆ ರೇಖಾಂಶಗಳಿಂದ ರಾತ್ರಿ ತಪ್ಪದೆ ನೋಡುತ್ತಿರಬೇಕು. ಆ ಸರಪಳಿಗೆ ಲಡಾಖ್‌ನ ಹಾನ್ಲೆ ಒಳ್ಳೆಯ ಕೊಂಡಿ. ಅಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಬ್ಲೇಜಾರ್‌ಗಳ ಏರಿಳಿತವನ್ನು ಬೆನ್ನು ಹತ್ತುವುದು ಅದರ ನಿತ್ಯದ ಕೆಲಸಗಳಲ್ಲಿ ಒಂದು. ಒಜೆ 287 ಮುಂದಿನ ಸಲ ಭುಗಿಲೆದ್ದಾಗ ಮೊದಲ ಕೆಲವು ದಿನಗಳಲ್ಲೇ ಅದರ ಧ್ರುವೀಕರಣವನ್ನು ಹಿಡಿಯಬೇಕು. ತಡವಾದರೆ ಜೆಟ್‌ನ ಬೆಳಕು ಬೆರೆತು ಎರಡನ್ನೂ ಬೇರ್ಪಡಿಸುವುದು ಕಷ್ಟವಾಗುತ್ತದೆ.